ರೈಲುದಾರಿಯ ಚಿತ್ರದಲ್ಲಿ ಕಾಲವಿರೋಧ

ದಂಡಿಯು ಕಾವ್ಯದೋಷಗಳನ್ನು ಎಣಿಸುವಲ್ಲಿ ದೇಶವಿರೋಧ, ಕಾಲವಿರೋಧಗಳನ್ನೂ ಆ ಸಾಲಿಗೆ ಸೇರಿಸಿದ್ದಾನೆ. ರಾತ್ರಿಯಲ್ಲಿ ತಾವರೆ ಅರಳಿತೆಂದೂ ಹಗಲಿನಲ್ಲಿ ನೈದಿಲೆ ಬಿರಿಯಿತೆಂದೂ ಬರೆಯುವವನು ಈ ದೋಷಕ್ಕೆ ಗುರಿಯಾಗುತ್ತಾನೆ. ಈ ಮಾತನ್ನು ಹೊಗೆಬಂಡಿಯ ವಿಷಯದಲ್ಲಿ ನೆನೆಯಬೇಕಾದೀತೆಂದು ನಾವು ಎಂದೂ ಎಣಿಸಿರಲಿಲ್ಲ. ಅದಕ್ಕೆ ಕಾರಣನಾದವನು ನಮ್ಮ ಅಣ್ಣನವರ ಮೊಮ್ಮಗ.

ಗಣಕಯಂತ್ರದ ತೆರೆಯ ಮೇಲೆ ರೈಲುಬಂಡಿಯನ್ನು ನಡೆಸುವ ಒಂದು ಬಗೆಯ ಆಟವುಂಟು. ಅದಕ್ಕೆ ಟ್ರೇನ್ ಸಿಮ್ಯುಲೇಟರ್ ಎಂದು ಹೆಸರು. ಆಡುವವನೇ ಡ್ರೈವರು. ಉಗಿಯನ್ನು ಬಿಡುವುದು, ಬ್ರೇಕು ಹಾಕುವುದು, ಕೈಮರವನ್ನು ನೋಡಿ ನಿಲ್ಲುವುದು ಎಲ್ಲವೂ ಅವನದೇ ಹೊಣೆ. ಸುತ್ತಲಿನ ಬೆಟ್ಟ, ಸೇತುವೆ, ಸ್ಟೇಷನ್ನುಗಳು ಲೋಕದಲ್ಲಿರುವ ಒಂದು ನಿಜವಾದ ದಾರಿಯ ಪ್ರತಿಕೃತಿಗಳು. ಇಂಥವುಗಳಲ್ಲಿ ಹೆಸರಾದ ಮೈಕ್ರೋಸಾಫ್ಟ್ ಟ್ರೇನ್ ಸಿಮ್ಯುಲೇಟರ್ 2001ರಲ್ಲಿ ಹೊರಬಂದಿತು. ಅದರಲ್ಲಿದ್ದ ಆರು ದಾರಿಗಳಲ್ಲಿ ಒಂದು ಉತ್ತರ ಇಂಗ್ಲೆಂಡಿನ ಸೆಟ್ಲ್–ಕಾರ್ಲೈಲ್ ದಾರಿ. ಉದ್ದ 72 ಮೈಲಿ. ಚಿತ್ರಿತವಾದ ಕಾಲ 1920ರ ದಶಕ. ಹುಡುಗನು ಅದನ್ನು ನಡೆಸುತ್ತ, “ತಾತ, ನೋಡಿ, ಆ ಕಾಲದಲ್ಲಿ ಫ್ಲೈಯಿಂಗ್ ಸ್ಕಾಟ್ಸ್‌ಮನ್ ಈ ಸೇತುವೆಯ ಮೇಲೆ ಹೀಗೆಯೇ ಹೋಗುತ್ತಿತ್ತು” ಎಂದನು. ಅವನ ದನಿಯಲ್ಲಿ ಸಂದೇಹದ ಸುಳಿವೂ ಇರಲಿಲ್ಲ. ಕಣ್ಣಾರೆ ಕಂಡವನಿಗೆ ಸಂದೇಹವೆಲ್ಲಿಂದ ಬರಬೇಕು?

ಆದರೆ ಅದು ಹಾಗೆ ಹೋಗುತ್ತಿರಲಿಲ್ಲ. ಆ ದಾರಿಯನ್ನು 1869ರಿಂದ 1876ರ ವರೆಗೆ ಕಟ್ಟಿದವರು ಮಿಡ್‌ಲೆಂಡ್ ರೈಲ್ವೆಯವರು. 1923ರಲ್ಲಿ ಆ ಸಂಸ್ಥೆಯು ಲಂಡನ್, ಮಿಡ್‌ಲೆಂಡ್ ಮತ್ತು ಸ್ಕಾಟಿಷ್ ರೈಲ್ವೆಯಲ್ಲಿ ಸೇರಿಹೋಯಿತು. ಫ್ಲೈಯಿಂಗ್ ಸ್ಕಾಟ್ಸ್‌ಮನ್ ಎಂಬ ಇಂಜನ್ನಾದರೋ ಅದೇ 1923ರಲ್ಲಿ ಡಾನ್‌ಕ್ಯಾಸ್ಟರಿನಲ್ಲಿ ತಯಾರಾಗಿ, ಲಂಡನ್ ಮತ್ತು ನಾರ್ತ್ ಈಸ್ಟರ್ನ್ ರೈಲ್ವೆಯ ಸ್ವತ್ತಾಗಿದ್ದಿತು. ಅದರ ಸಂಚಾರವೆಲ್ಲ ಪೂರ್ವತೀರದ ದಾರಿಯಲ್ಲಿ. 1928ರಲ್ಲಿ ಲಂಡನ್ನಿನಿಂದ ಎಡಿನ್‌ಬರೋಗೆ ನಡುವೆ ನಿಲ್ಲದೆ ಓಡಿ ಕೀರ್ತಿ ಪಡೆದದ್ದೂ ಅಲ್ಲಿಯೇ. ಈ ಎರಡು ಸಂಸ್ಥೆಗಳೂ ಸ್ಕಾಟ್ಲೆಂಡಿನ ಪ್ರಯಾಣಿಕರಿಗಾಗಿ ಪರಸ್ಪರ ಸ್ಪರ್ಧಿಸುತ್ತಿದ್ದವು. ಹಾಗಿರಲಾಗಿ ಈ ಚಿತ್ರವು ಒಬ್ಬರ ಮನೆಯ ಎತ್ತನ್ನು ಎದುರುಮನೆಯವರ ನೇಗಿಲಿಗೆ ಹೂಡಿದಂತಾಗಿದೆ. ದಾರಿ ನಿಜ, ಇಂಜನ್ನು ನಿಜ, ದಶಕವೂ ನಿಜ. ಮೂರೂ ಕೂಡಿದ ಚಿತ್ರ ಮಾತ್ರ ಸುಳ್ಳು.

“ಇದು ಆಟ, ಹೆಸರಾಂತ ಇಂಜನ್ನಿದ್ದರೆ ನಾಲ್ಕು ಜನ ಕೊಳ್ಳುತ್ತಾರೆ, ಇಷ್ಟಕ್ಕೇಕೆ ಅಲಂಕಾರಶಾಸ್ತ್ರ?” ಎಂದು ಕೇಳುವವರುಂಟು. ದಂಡಿಯೂ ಅಷ್ಟು ಕಠಿಣನಲ್ಲ. ಕವಿಯ ಕೌಶಲದಿಂದ ಇಂಥ ವಿರೋಧವು ಒಮ್ಮೊಮ್ಮೆ ದೋಷದ ಎಣಿಕೆಯನ್ನು ದಾಟಿ ಗುಣವೇ ಆಗುವುದುಂಟೆಂದು ಅವನೇ ಒಪ್ಪಿದ್ದಾನೆ. ಆದರೆ ಅಲ್ಲಿ ಓದುಗನಿಗೆ ವಿರೋಧವು ವಿರೋಧವೆಂದೇ ತಿಳಿದಿರುತ್ತದೆ. ಅಕಾಲದಲ್ಲಿ ಹೂ ಬಿಟ್ಟಿತೆಂದರೆ ರಾಜನ ಪ್ರಭಾವವನ್ನೋ ಮುಂದಣ ಉತ್ಪಾತವನ್ನೋ ಹೇಳುವುದಕ್ಕಾಗಿ ಎಂದು ಅವನು ಬಲ್ಲನು. ಇಲ್ಲಿ ನೋಡುವವನು ಅದನ್ನು ಬಲ್ಲನೇ? ಇಂತಹ ದಾರಿ, ಇಂತಹ ದಶಕ ಎಂದು ಮೊದಲೇ ನಂಬಿಕೆ ಹುಟ್ಟಿಸಿ, ಆಮೇಲೆ ಹಸುರು ಬಣ್ಣದ ಪರಸಂಸ್ಥೆಯ ಇಂಜನ್ನನ್ನು ತಂದು ನಿಲ್ಲಿಸುವುದರಲ್ಲಿ ಕೌಶಲವೇನೂ ನಮಗೆ ಕಾಣಲಿಲ್ಲ.

ಇನ್ನೊಂದು ಆಕ್ಷೇಪ ಹೆಚ್ಚು ಬಲವಾದದ್ದು. ಆ ಇಂಜನ್ನು ಈ ದಾರಿಯಲ್ಲಿ ಎಂದೂ ಓಡಿಲ್ಲವೆ? ಓಡಿದೆ. 1963ರಲ್ಲಿ ಸೇವೆಯಿಂದ ನಿವೃತ್ತವಾಗಿ, ಅಭಿಮಾನಿಗಳ ಕೈಸೇರಿ ಉಳಿದುಕೊಂಡ ಮೇಲೆ ಉತ್ಸವದ ಗಾಡಿಗಳನ್ನು ಎಳೆಯುತ್ತ ಇಲ್ಲಿಯೂ ಬಂದಿದೆ. 2016ರಲ್ಲಿ ಭೂಮಿ ಕುಸಿದು ಕಾರ್ಲೈಲಿನ ಬಳಿ ಮುಚ್ಚಿದ್ದ ದಾರಿ 2017ರ ಮಾರ್ಚ್ 31ರಂದು ಮತ್ತೆ ತೆರೆದಾಗ, ಆ ದಿನದ ಸಂಭ್ರಮದ ಗಾಡಿಯನ್ನು ಎಳೆದದ್ದು ಇದೇ ಇಂಜನ್ನು. 2017ಕ್ಕೆ ಸತ್ಯವಾದದ್ದನ್ನು 1920ರ ದಶಕಕ್ಕೆ ಹೇಳಿದರೆ ಅಸತ್ಯವೇ. ತಾವರೆ ಅರಳುತ್ತದೆ, ರಾತ್ರಿಯಲ್ಲಲ್ಲ.

ಇಷ್ಟೇ ಆಗಿದ್ದರೆ ಬಣ್ಣದ ತಪ್ಪೆಂದು ಬಿಟ್ಟುಬಿಡಬಹುದಾಗಿತ್ತು. ನಮ್ಮ ದೂರು ಇದಕ್ಕಿಂತ ಆಳವಾದದ್ದು. ಸೆಟ್ಲಿನಿಂದ ಬ್ಲೀ ಮೂರ್ ವರೆಗೆ ಸುಮಾರು 15 ಮೈಲಿಯ ದೂರ ದಾರಿಯು ಬಹುಮಟ್ಟಿಗೆ ನೂರಡಿಗೆ ಒಂದಡಿಯಂತೆ ಏರುತ್ತದೆ. ಮುಂದೆ ಏಸ್ ಗಿಲ್ ಎಂಬಲ್ಲಿ ಸಮುದ್ರಮಟ್ಟಕ್ಕಿಂತ 1169 ಅಡಿ ಎತ್ತರದ ನೆತ್ತಿಯನ್ನು ಮುಟ್ಟುತ್ತದೆ. ಇಂಥ ಏರಿಗೆ ದೊಡ್ಡ ಇಂಜನ್ನುಗಳನ್ನು ಕಟ್ಟುವುದು ಮಿಡ್‌ಲೆಂಡ್ ಸಂಸ್ಥೆಯವರ ಪದ್ಧತಿಯಾಗಿರಲಿಲ್ಲ. ಚಿಕ್ಕ ಇಂಜನ್ನು, ಹಗುರವಾದ ಗಾಡಿ, ಭಾರ ಹೆಚ್ಚಿದರೆ ಮುಂದೆ ಇನ್ನೊಂದು ಇಂಜನ್ನು — ಇದು ಅವರ ನೀತಿ. ಹೀಗೆ ಜೊತೆಗೊಟ್ಟ ಇಂಜನ್ನುಗಳನ್ನು ನೆತ್ತಿಯಲ್ಲಿ ಬಿಚ್ಚಿ, ಹಾಸ್ ಜಂಕ್ಷನ್ನಿಗೆ ತಂದು, ಮುಖ ತಿರುಗಿಸಿ, ಬರಿದಾಗಿ ತಮ್ಮ ತಮ್ಮ ನೆಲೆಗೆ ಹಿಂದಿರುಗಿಸುತ್ತಿದ್ದರು. ಮಳೆಗಾಳಿಯ ಆ ಬೋಳುಬೆಟ್ಟದ ನಡುವಣ ಸ್ಟೇಷನ್ನಿನಲ್ಲಿ ಇರುಳೆಲ್ಲ ಇಂಥ ಒಂಟಿ ಇಂಜನ್ನುಗಳ ಓಡಾಟ.

1910ರ ಡಿಸೆಂಬರ್ 24ರ ಬೆಳಗಿನ ಜಾವ ಹೀಗೆ ಕಾರ್ಲೈಲಿಗೆ ಹಿಂದಿರುಗಬೇಕಾಗಿದ್ದ ಎರಡು ಇಂಜನ್ನುಗಳು ಒಂದಕ್ಕೊಂದು ಕೂಡಿಕೊಂಡು ಮುಖ್ಯ ಹಳಿಯ ಮೇಲೆ ಕೈಮರದ ಬಳಿ ಕಾದಿದ್ದವು. ಕೈಮರದ ಕೋಣೆಯಲ್ಲಿದ್ದವನು ಆ ರಾತ್ರಿಯ ಗಡಿಬಿಡಿಯಲ್ಲಿ ಅವುಗಳನ್ನು ಮರೆತನು. ಲಂಡನ್ನಿನಿಂದ ಬರುತ್ತಿದ್ದ ಸ್ಕಾಟ್ಲೆಂಡಿನ ಮೇಲುಬಂಡಿಗೆ ದಾರಿಯನ್ನು ತೆರೆದುಕೊಟ್ಟನು. ಕಾದಿದ್ದ ಡ್ರೈವರುಗಳು ಅದು ತಮಗೇ ಎಂದು ಭಾವಿಸಿ ಹೊರಟರು. ಹಿಂದಿನಿಂದ ವೇಗವಾಗಿ ಬಂದ ಗಾಡಿ ಅವುಗಳ ಮೇಲೆ ಬಿದ್ದಿತು, ಬೆಂಕಿಯೂ ಹತ್ತಿತು, 12 ಜನ ಸತ್ತರು. 1913ರ ಸೆಪ್ಟೆಂಬರಿನಲ್ಲಿ ಜೊತೆಯಿಂಜನ್ನನ್ನು ಬೇಡಿದರೂ ದೊರೆಯದೆ ಹೊರಟ ಗಾಡಿಯೊಂದು, ಕಲ್ಲಿದ್ದಲು ಕೆಟ್ಟದ್ದಾಗಿದ್ದುದರಿಂದ ಉಗಿ ಸಾಲದೆ ಏಸ್ ಗಿಲ್ಲಿನ ನೆತ್ತಿಯ ಸಮೀಪದಲ್ಲಿ ನಿಂತುಬಿಟ್ಟಿತು. ಹಿಂದಿನ ಗಾಡಿ ಬಂದು ಡಿಕ್ಕಿ ಹೊಡೆದು 16 ಜನ ಮೃತರಾದರು. ಈ ಎರಡು ಅನರ್ಥಗಳ ಬೇರೂ ಚಿಕ್ಕ ಇಂಜನ್ನಿನಲ್ಲಿದೆ. ಮಿಡ್‌ಲೆಂಡ್ ಸಂಸ್ಥೆಯವರು ಹಳಿಯ ಮೇಲೆ ಗಾಡಿಯಿರುವುದನ್ನು ವಿದ್ಯುತ್ತಿನಿಂದ ತಿಳಿಸುವ ಏರ್ಪಾಡನ್ನು ನೂರಾರು ಕಡೆ ಹಾಕಿದ್ದು ಮೊದಲನೆಯ ಅನರ್ಥದ ತರುವಾಯ.

ಈಗ ಅದೇ ಏರಿನ ಮೇಲೆ ಫ್ಲೈಯಿಂಗ್ ಸ್ಕಾಟ್ಸ್‌ಮನ್ನಿನಂಥ ಮಹಾಬಲವನ್ನು ಹೂಡಿ ನೋಡಿ. ಜೊತೆಯಿಂಜನ್ನು ಬೇಡ, ಆದುದರಿಂದ ಅದನ್ನು ಬಿಚ್ಚುವವನು ಬೇಡ, ಮುಖ ತಿರುಗಿಸುವವನು ಬೇಡ, ಇರುಳಿನಲ್ಲಿ ಅದನ್ನು ನೆನಪಿಡಬೇಕಾದವನೂ ಬೇಡ. ಒಂದು ಇಂಜನ್ನನ್ನು ಬದಲಾಯಿಸಿದರೆ ಒಂದು ಊರಿನ ಬಾಳೇ ಚಿತ್ರದಿಂದ ಮಾಯವಾಗುತ್ತದೆ. ನಾವು ಕಾಲವಿರೋಧವೆಂದು ಕರೆದದ್ದರ ನಿಜವಾದ ನಷ್ಟ ಇದು.

ಹಾಗೆಂದು ಎಲ್ಲ ಕೊರತೆಗಳನ್ನೂ ನಾವು ಒಂದೇ ತಕ್ಕಡಿಯಲ್ಲಿ ತೂಗುವುದಿಲ್ಲ. ಡೆಂಟ್ ಸ್ಟೇಷನ್ನಿನ ಬಳಿ ಒಂದು ಮರ ಕಡಿಮೆಯಾದರೆ, ಹೊಲದ ಕಲ್ಲುಗೋಡೆ ಹತ್ತು ಮಾರು ಆಚೆಯಿದ್ದರೆ ಅದು ನ್ಯೂನತೆಯೇ ಹೊರತು ಸುಳ್ಳಲ್ಲ. 72 ಮೈಲಿಯನ್ನು ಬಿಡಿಸುವವನು ಇಷ್ಟು ಬಿಡುವನ್ನು ಬೇಡಲೇಬೇಕು. ಆದರೆ ಕೆಲವು ಸಣ್ಣ ವಿಷಯಗಳು ಸಣ್ಣವಲ್ಲ. ಹಾಸ್ ಜಂಕ್ಷನ್ನಿಗೆ ಗಾರ್ಸ್‌ಡೇಲ್ ಎಂದಷ್ಟೇ ಹೆಸರಾದದ್ದು 1932ರಲ್ಲಿ. ರಿಬಲ್‌ಹೆಡ್ಡಿನ 24 ಕಮಾನುಗಳ ಸೇತುವೆಯ ಮೇಲೆ ಜೋಡಿಹಳಿ ಹೋಗಿ ಒಂದೇ ಹಳಿ ಉಳಿದದ್ದು 1980ರ ದಶಕದಲ್ಲಿ. ಈಚೆಗೆ ತೆಗೆದ ಛಾಯಾಚಿತ್ರಗಳನ್ನು ಮುಂದಿಟ್ಟುಕೊಂಡು ಹಳೆಯ ಕಾಲವನ್ನು ಬಿಡಿಸುವವನು ಇಂಥಲ್ಲಿ ಎಡವುವುದು ಸುಲಭ.

ತಯಾರಕರ ಪರವಾಗಿ ಒಂದು ಮಾತನ್ನು ಹೇಳದಿದ್ದರೆ ಅನ್ಯಾಯವಾದೀತು. ದಾರಿಗಳನ್ನು ತಿದ್ದುವ ಸಲಕರಣೆಯನ್ನು ಅವರು ಆಟದೊಡನೆಯೇ ಕೊಟ್ಟಿದ್ದರು. ಮೂಲದ ಆಟ ಹಳತಾದ ಮೇಲೂ, ಹವ್ಯಾಸಿಗಳು ಕೂಡಿ ರಚಿಸಿ ಉಚಿತವಾಗಿ ಹಂಚುವ ಓಪನ್ ರೈಲ್ಸ್ ಎಂಬುದರಲ್ಲಿ ಆ ದಾರಿಗಳನ್ನು ಈಗಲೂ ನಡೆಸಬಹುದು. ನಮ್ಮ ಹುಡುಗನು ಎರಡು ದಿನ ಮುನಿಸಿಕೊಂಡಿದ್ದು, ಮೂರನೆಯ ದಿನ ಎಲ್ಲಿಂದಲೋ ಕಡುಗೆಂಪು ಬಣ್ಣದ ಮಿಡ್‌ಲೆಂಡ್ ಇಂಜನ್ನೊಂದನ್ನು ತಂದು ಅದೇ ಗಾಡಿಗೆ ಹೂಡಿದನು. ಸೆಟ್ಲನ್ನು ದಾಟಿದ ಸ್ವಲ್ಪ ಹೊತ್ತಿಗೆಲ್ಲ ವೇಗ ಇಳಿಯುತ್ತ ಬಂದಿತು. “ಇದು ಎಳೆಯುವುದೇ ಇಲ್ಲವಲ್ಲ ತಾತ, ಇನ್ನೊಂದು ಕಟ್ಟಬೇಕೇನೋ” ಎಂದನು.