ಮಾಸಿದ ಪ್ರತಿ, ತಪ್ಪಿದ ತೀರ್ಪು

ಹಳೆಯ ವರ್ಣಚಿತ್ರದ ಗುಣದೋಷಗಳನ್ನು ವಿವೇಚಿಸುವ ಮುನ್ನ, ಕಂಡ ಪ್ರತಿ ಎಂಥದೆಂದು ವಿಚಾರಿಸುವುದು ವಿಮರ್ಶಕನ ಕರ್ತವ್ಯವೆಂದು ನಾವು ಭಾವಿಸುತ್ತೇವೆ.

ಪೊವೆಲ್ ಮತ್ತು ಪ್ರೆಸ್‌ಬರ್ಗರ್ ಅವರ ‘ದಿ ರೆಡ್ ಶೂಸ್’ (1948) ಚಿತ್ರವನ್ನೇ ನೋಡೋಣ. ಅಂದಿನ ಟೆಕ್ನಿಕಲರ್ ಪದ್ಧತಿಯಲ್ಲಿ ಮೂರು ಅಚ್ಚುಗಳಿಂದ ಒಂದೊಂದಾಗಿ ಬಣ್ಣಗಳನ್ನು ಫಿಲ್ಮಿಗೆ ಒತ್ತುತ್ತಿದ್ದರು. ಅವು ಬಹುಕಾಲ ಮಾಸವು. 1950ರಲ್ಲಿ ಬಂದ ಈಸ್ಟ್‌ಮನ್‌ಕಲರಿನಲ್ಲಾದರೋ ವರ್ಣಗಳು ಫಿಲ್ಮಿನೊಳಗೇ ರಾಸಾಯನಿಕ ಕ್ರಿಯೆಯಿಂದ ಮೂಡುತ್ತಿದ್ದವು. ಅದರ ಹಳೆಯ ಪ್ರತಿಗಳಲ್ಲಿ ಹಸಿರುಗೂಡಿದ ನೀಲಿಯು ಡಬ್ಬಿಯ ಕತ್ತಲಲ್ಲಿಯೂ ಬೇಗನೆ ಅಳಿದು, ಚಿತ್ರವೆಲ್ಲ ಕೆಂಪೇರುತ್ತದೆ. ಮನೆಗಳಲ್ಲಿಯೂ ಶಾಲೆಗಳಲ್ಲಿಯೂ ತೋರಿಸುತ್ತಿದ್ದ 16 ಮಿ.ಮೀ. ಪ್ರತಿಗಳಲ್ಲಿ ಅನೇಕಕ್ಕೆ ಇದೇ ಗತಿಯಾಯಿತು.

ನರ್ತಕಿಯನ್ನು ವಿಶ್ರಮಿಸಗೊಡದ ಆ ಕೆಂಪು ಪಾದರಕ್ಷೆ, ಸರ್ವವೂ ಕೆಂಪಾದಲ್ಲಿ ತನ್ನ ಅರ್ಥವನ್ನೇ ಕಳೆದುಕೊಳ್ಳುತ್ತದೆ. ಅಂಥ ಪ್ರತಿಯನ್ನು ಕಂಡು ಛಾಯಾಗ್ರಾಹಕ ಜ್ಯಾಕ್ ಕಾರ್ಡಿಫರಿಗೆ ವರ್ಣವಿವೇಕವಿಲ್ಲವೆಂದರೆ ಅದು ಅನ್ಯಾಯ. ಕಾಲನ ದೋಷವನ್ನು ಕಲಾವಿದನ ತಲೆಗೆ ಕಟ್ಟಲಾಗದು.