ಮಣ್ಣೆತ್ತಿನ ತಳಿ ಯಾವುದು?

ಕಾರಹುಣ್ಣಿಮೆಗೆ ರಾಯಚೂರಿನಲ್ಲಿ ಮುನ್ನೂರು ಕಾಪು ಸಮಾಜ ನಡೆಸುವ ಮುಂಗಾರು ಹಬ್ಬ. ಭಾರದ ಕಲ್ಲೆಳೆಯಲು ಬಂದ ಜೋಡಿಗಳನ್ನು ರೈತರು ದೂರದಿಂದಲೇ ಗುರುತಿಸುತ್ತಾರೆ. ಮೊಂಡು ಕೊಂಬು, ಎತ್ತರದ ಹಿಣಿಲು ಇದ್ದರೆ ಒಂಗೋಲು. ಹಿಂದಕ್ಕೆ ಬಾಗಿ ಮೇಲೆದ್ದ ಉದ್ದ ಕೊಂಬಾದರೆ ಖಿಲಾರಿ. ಹದಿನೈದು ದಿನಕ್ಕೆ ಮಣ್ಣೆತ್ತಿನ ಅಮಾವಾಸ್ಯೆ ಬರುತ್ತದೆ. ಆಗ ಅದೇ ರೈತರ ಮನೆಯಲ್ಲಿ ಪೂಜೆಗೆ ಕೂರುವ ಮಣ್ಣಿನ ಜೋಡಿಗೆ ತಳಿಯೇ ಇರುವುದಿಲ್ಲ.

ಅಚ್ಚಿನಲ್ಲಿ ಒತ್ತಿ ಬಣ್ಣ ಬಳಿದ ಎತ್ತುಗಳಿಗೆಲ್ಲ ಒಂದೇ ಮುಖ. ಕೈಯಿಂದ ಮಾಡಿದ್ದು ಹಾಗಲ್ಲ. ದೇವದುರ್ಗ, ಮಾನ್ವಿ ಕಡೆಯ ಎರೆಮಣ್ಣು ಒಣಗುತ್ತ ಕುಗ್ಗುತ್ತದೆ, ಬಿರಿಯುತ್ತದೆ. ಮಗು ಹೊಸೆದು ಅಂಟಿಸಿದ ಉದ್ದ ಕೊಂಬು ಬೆಳಗಾಗುವಷ್ಟರಲ್ಲಿ ಬುಡದಲ್ಲೇ ಸೀಳಿರುತ್ತದೆ. ಒಳಗೊಂದು ಕಡ್ಡಿ ಚುಚ್ಚದೆ ಖಿಲಾರಿ ನಿಲ್ಲದು. ಗಿಡ್ಡ ಕೊಂಬು, ದಪ್ಪ ಕುತ್ತಿಗೆ, ತುಂಬಿದ ಮೈ ಮಾತ್ರ ಈ ಮಣ್ಣಿಗೆ ಸಲೀಸು.

ಅದು ಕೃಷ್ಣಾ ವ್ಯಾಲಿ ಎತ್ತಿನ ಮೈಕಟ್ಟು! 19ನೇ ಶತಮಾನದ ಕೊನೆಗೆ ಸಾಂಗ್ಲಿ ಮೊದಲಾದ ಸಂಸ್ಥಾನಗಳು ಗಿರ್, ಒಂಗೋಲು, ಕಾಂಕ್ರೇಜ್, ಮೈಸೂರು ಸೀಮೆಯ ದನಗಳನ್ನು ಕೂಡಿಸಿ ಬೆಳೆಸಿದ ತಳಿ ಇದು. ಕೃಷ್ಣೆಯ ಇಕ್ಕೆಲದ ಎರೆ ಹೊಲದಲ್ಲಿ ನೇಗಿಲು ಜಗ್ಗಲು ಅಂಥ ಭಾರದ ಎತ್ತೇ ಬೇಕಿತ್ತು. ಟ್ರ್ಯಾಕ್ಟರ್ ಬಂತು, ಎತ್ತು ಅಪರೂಪವಾಯಿತು. ಅದರ ನಿಜವಾದ ಗುರುತು ಉಬ್ಬಿದ ಹಣೆ. ಅಚ್ಚಿನ ಎತ್ತಿನಲ್ಲಿ ಇಲ್ಲದಿರುವುದು ಅದೇ.

ಆಕೃತಿಯಲ್ಲೂ ತಳಿ ನೋಡುವವರಿದ್ದಾರೆ. ಅಮೆರಿಕದಲ್ಲಿ ಬ್ರೇಯರ್ ಕಂಪನಿಯ 1:9 ಅಳತೆಯ ಪ್ಲಾಸ್ಟಿಕ್ ಕುದುರೆಗಳನ್ನು ತಳಿವಾರು ಸ್ಪರ್ಧೆಗಿಡುವ ರೂಢಿಯಿದೆ. ಅರಬ್ಬಿ ಕುದುರೆಯ ತಗ್ಗು ಮೂತಿ ಎಲ್ಲರಿಗೂ ಗೊತ್ತು, ತಪ್ಪಿದರೆ ತಕ್ಷಣ ಸಿಕ್ಕಿಬೀಳುತ್ತದೆ. ಅಪರೂಪದ ತಳಿಯಾದರೆ ಅದರ ಲಕ್ಷಣ ಬರೆದ ಚೀಟಿಯನ್ನು ಪಕ್ಕದಲ್ಲಿಡುತ್ತಾರೆ, ತೀರ್ಪುಗಾರರು ಆಕೃತಿಯನ್ನು ಅದಕ್ಕೆ ಹೋಲಿಸಿ ನೋಡುತ್ತಾರೆ. ಈ ಚೀಟಿಯ ಪದ್ಧತಿ ಬಹಳ ಒಳ್ಳೆಯದು. ನೋಡುವವರಿಗೂ ಅದು ಪಾಠ.

ಇಲ್ಲಿನ ಶಾಲೆಗಳೂ ಮಣ್ಣೆತ್ತಿನ ಸ್ಪರ್ಧೆಯಲ್ಲಿ ಈ ಚೀಟಿಯನ್ನು ತರಬಹುದು. ಮನೆಯ ಪೂಜೆಗೆ ಯಾವ ಎತ್ತಾದರೂ ನಡೆದೀತು, ಅಲ್ಲಿ ಭಕ್ತಿ ಮುಖ್ಯ. ಸ್ಪರ್ಧೆಯಲ್ಲಿ ಮಾತ್ರ ಕಟ್ಟುನಿಟ್ಟು ಬೇಕು. ಖಿಲಾರಿಯ ಕೊಂಬು ಉಳಿಸಿಕೊಂಡ ಮಗುವಿನ ಶ್ರಮಕ್ಕೆ ಬೆಲೆ ಸಿಗಲಿ. ಚೀಟಿಯಲ್ಲಿ ಕೃಷ್ಣಾ ವ್ಯಾಲಿ ಎಂದು ಬರೆದು ಹಣೆಯನ್ನು ಚಪ್ಪಟೆ ಮಾಡಿದ್ದರೆ, ತಳಿ ಅಪರೂಪದ್ದೆಂದು ಅಂಕ ಕೊಡದೆ, ಹೆಬ್ಬೆರಳಿನಷ್ಟು ಮಣ್ಣು ಮತ್ತೆ ಕೈಗಿತ್ತು ಆ ಹಣೆ ಉಬ್ಬಿಸಲು ಹೇಳಬೇಕು.