ಅದ್ಭುತಕ್ಕೊಂದು ಸಾಕ್ಷಿ: ಫಾಲ್ಕೆಯವರ ಚಿತ್ರಗಳಲ್ಲಿ ಪರಿಚಿತ ಕಥಾಶಯಗಳು

ರೇಖೆಯಿಂದಲೋ ಯಂತ್ರದಿಂದಲೋ ಸೃಷ್ಟಿಸಿದ ಆಕೃತಿಗಳನ್ನು ಜೀವಂತ ನಟರೊಡನೆ ಒಂದೇ ತೆರೆಯ ಮೇಲೆ ಕೂಡಿಸುವ ಚಲಚ್ಚಿತ್ರಗಳ ಮೇಲೆ ವಿಮರ್ಶಕರು ಸಾಮಾನ್ಯವಾಗಿ ಹೊರಿಸುವ ಆಕ್ಷೇಪ ಒಂದೇ: ತಂತ್ರ ಹೊಸದು, ಕಥೆ ಹಳೆಯದು. ದುಷ್ಟನ ದರ್ಪ, ಬಾಲವೀರನ ಸಾಹಸ, ತಾಯಿಯ ಕಳವಳ, ಕೊನೆಗೊಂದು ಪವಾಡ. ಈ ಸವೆದ ಹಾದಿಯನ್ನು ಬಿಟ್ಟು ಇವು ಕದಲುವುದಿಲ್ಲವೆಂಬುದು ದೂರು. ದೂರಿನಲ್ಲಿ ಸತ್ಯಾಂಶವಿಲ್ಲದಿಲ್ಲ. ಆದರೆ ಕಥಾಶಯವು ಪರಿಚಿತವಾಗಿರುವುದು ಬೇರೆ, ನಿರ್ಜೀವವಾಗಿರುವುದು ಬೇರೆ. ಈ ಭೇದವನ್ನು ತೋರುವ ಒರೆಗಲ್ಲು ಯಾವುದೆಂಬುದನ್ನು ವಿಚಾರಿಸಲು ಗೋದಾವರಿಯ ತೀರದ ನಾಸಿಕಕ್ಕಿಂತ ತಕ್ಕ ಎಡೆ ದೊರೆಯಲಾರದು.

ದಾದಾಸಾಹೇಬ ಫಾಲ್ಕೆಯವರು 1870ರಲ್ಲಿ ಹುಟ್ಟಿದುದು ನಾಸಿಕದ ಬಳಿಯ ತ್ರ್ಯಂಬಕೇಶ್ವರದಲ್ಲಿ. 1913ರಲ್ಲಿ ಮುಂಬಯಿಯಲ್ಲಿ 'ರಾಜಾ ಹರಿಶ್ಚಂದ್ರ'ವನ್ನು ಪ್ರದರ್ಶಿಸಿದ ಬಳಿಕ ಅವರು ನಾಸಿಕವನ್ನೇ ತಮ್ಮ ಕರ್ಮಭೂಮಿಯಾಗಿ ಮಾಡಿಕೊಂಡರು. ಅದಕ್ಕೂ ಮೊದಲು, 1912ರಲ್ಲಿ, ಬಟಾಣಿಯ ಮೊಳಕೆಯೊಂದು ಬಳ್ಳಿಯಾಗುವುದನ್ನು ಬಿಟ್ಟುಬಿಟ್ಟು ಚಿತ್ರಿಸಿ, ಅನೇಕ ದಿನಗಳ ಬೆಳವಣಿಗೆಯನ್ನು ಕೆಲವೇ ಕ್ಷಣಗಳಲ್ಲಿ ಅವರು ತೋರಿಸಿದ್ದರು. 1915ರ 'ಆಗಕಾಡ್ಯಾಂಚೀ ಮೌಜ್' ಎಂಬ ಕಿರುಚಿತ್ರದಲ್ಲಿ ಬೆಂಕಿಕಡ್ಡಿಗಳನ್ನು ಇಷ್ಟಿಷ್ಟೇ ಸರಿಸಿ ಅವು ತಾವಾಗಿ ಆಡುವಂತೆ ಮಾಡಿದರು. ಫ್ರಾನ್ಸಿನ ಎಮಿಲ್ ಕೋಲ್ 1908ರಲ್ಲಿಯೇ ಇಂಥ ಕಡ್ಡಿಗಳ ಆಟವನ್ನು ಚಿತ್ರಿಸಿದ್ದನು. ಈ ಕಡ್ಡಿಗಳಲ್ಲಿ ಕಥೆಯಿಲ್ಲ, ಕೌತುಕವುಂಟು, ರಸವಿಲ್ಲ. ಒಮ್ಮೆ ಬೆರಗಾದವನಿಗೆ ಎರಡನೆಯ ಬಾರಿ ಬೆರಗಾಗಲು ಕಾರಣವೂ ಇಲ್ಲ.

ಇದೇ ಕೈಚಳಕವು ಪುರಾಣಕಥೆಯೊಳಗೆ ಕಾಲಿಟ್ಟಾಗ ಅದರ ಸ್ವರೂಪವೇ ಮಾರ್ಪಡುತ್ತದೆ. 'ಶ್ರೀಕೃಷ್ಣ ಜನ್ಮ'ದಲ್ಲಿ (1918) ಕಂಸನು ತನ್ನ ತಲೆಯೇ ಮುಂಡದಿಂದ ಕಳಚಿ ಮೇಲಕ್ಕೇರಿ ಮತ್ತೆ ಬಂದು ಕೂಡುವುದನ್ನು ಕಾಣುತ್ತಾನೆ. ಛಾಯಾಗ್ರಹಣದ ಯುಕ್ತಿಯಾಗಿ ಇದು ಬೆಂಕಿಕಡ್ಡಿಯ ಆಟಕ್ಕೆ ದೂರದ ನೆಂಟನಷ್ಟೆ. ಆದರೆ ಪ್ರೇಕ್ಷಕನು ಕಂಸನ ಕಥೆಯನ್ನು ಬಲ್ಲನು. ಆದ್ದರಿಂದ ಹಾರುವ ತಲೆಯಲ್ಲಿ ಅವನು ಯುಕ್ತಿಯನ್ನು ಕಾಣದೆ ಪಾಪಿಯ ಭಯವನ್ನು ಕಾಣುತ್ತಾನೆ. ಕಥೆಯನ್ನು ವಿವರಿಸಬೇಕಾದ ಹೊರೆ ತಂತ್ರದ ಮೇಲಿಲ್ಲ. ಹಳೆಯ ವಸ್ತುವೂ ರಸಸ್ಪರ್ಶದಿಂದ ಹೊಸದಾಗಿ ತೋರುತ್ತದೆಂಬ ಆನಂದವರ್ಧನನ ಅಭಿಪ್ರಾಯ ಇಲ್ಲಿಗೂ ಸಲ್ಲುತ್ತದೆ.

ಮರುವರ್ಷದ 'ಕಾಲಿಯಾ ಮರ್ದನ'ದಲ್ಲಿ ಫಾಲ್ಕೆಯವರು ಇನ್ನೊಂದು ಹೆಜ್ಜೆ ಮುಂದೆ ಹೋದರು. ಕೃಷ್ಣನ ಪಾತ್ರ ವಹಿಸಿದವಳು ಅವರ ಮಗಳು ಮಂದಾಕಿನಿ. ಚಿತ್ರದ ಮೊದಲಿಗೆ ಆ ಬಾಲಿಕೆಯ ಮುಖದಲ್ಲಿ ನಾನಾ ಭಾವಗಳು ಮೂಡಿ ಮರೆಯಾಗುವುದನ್ನು ತೋರಿಸಿ, ಅನಂತರ ಅವಳನ್ನೇ ಕೃಷ್ಣನಾಗಿ ಮಾರ್ಪಡಿಸುತ್ತಾರೆ. ಮಾಯೆಯ ಗುಟ್ಟನ್ನು ತಾವೇ ಬಿಟ್ಟುಕೊಟ್ಟು ಅನಂತರ ಮಾಯೆಯನ್ನು ಹೂಡುವ ಧೈರ್ಯವಿದು. ಯಕ್ಷಗಾನದಲ್ಲಿ ತೆರೆಯ ಹಿಂದೆ ಕುಣಿದು ಪ್ರವೇಶಿಸುವ ವೇಷವನ್ನು ಕಂಡ ಕನ್ನಡಿಗರಿಗೆ ಇದು ವಿಚಿತ್ರವೆನಿಸದು. ಮುಂದೆ ಕೃಷ್ಣನು ಮಡುವಿನ ಆಳದಲ್ಲಿ ಸರ್ಪದೊಡನೆ ಸೆಣಸುವಾಗ, ಫಾಲ್ಕೆಯವರು ಆ ಕೃತಕ ಜಲಲೋಕದಲ್ಲಿಯೇ ನಮ್ಮನ್ನು ಉಳಿಸುವುದಿಲ್ಲ; ಮತ್ತೆ ಮತ್ತೆ ದಡಕ್ಕೆ ಕರೆತಂದು ಕಳವಳಗೊಂಡ ಜನರನ್ನು ತೋರಿಸುತ್ತಾರೆ. ನಮ್ಮ ಕಣ್ಣು ಹಾವಿನ ಮೇಲಿದ್ದರೂ ಮನಸ್ಸು ದಡದ ಮೇಲಿರುತ್ತದೆ. ಅದ್ಭುತಕ್ಕೆ ಜೀವ ಬರುವುದು ಅದನ್ನು ಕಂಡು ನಡುಗುವ ಮನುಷ್ಯನಿಂದ. ಇಂಥ ಚಿತ್ರಗಳಿಗೆ ನಾವು ಒಡ್ಡಬೇಕಾದ ಒರೆಗಲ್ಲು ಇದೇ.

ಪಶ್ಚಿಮದ ನಿದರ್ಶನಗಳೂ ಇದಕ್ಕೆ ಹೊಂದುತ್ತವೆ. ಅಮೆರಿಕೆಯ ವಿನ್ಸರ್ ಮಕೇ 1914ರಲ್ಲಿ 'ಗರ್ಟಿ' ಎಂಬ ಪ್ರಾಚೀನ ಪ್ರಾಣಿಯನ್ನು ರೇಖೆಗಳಲ್ಲಿ ಎಬ್ಬಿಸಿದಾಗ, ಗೆಳೆಯರೊಡನೆ ಕಟ್ಟಿದ ಪಂದ್ಯವೆಂಬ ಹಳೆಯ ಆಶಯದ ಚೌಕಟ್ಟಿನಲ್ಲಿ ಅದನ್ನು ಇರಿಸಿದನು. 1988ರ 'ಹೂ ಫ್ರೇಮ್ಡ್ ರಾಜರ್ ರ್ಯಾಬಿಟ್' ಚಿತ್ರದಲ್ಲಿ ರೇಖಾಮೂರ್ತಿಗಳ ಗದ್ದಲವನ್ನು ತಡೆದು ನಿಲ್ಲಿಸುವವನು ಸೋದರನ ಕೊಲೆಯಿಂದ ನೊಂದ ಒಬ್ಬ ಪತ್ತೇದಾರ. ಪಂದ್ಯವಾಗಲಿ ನೊಂದ ಪತ್ತೇದಾರನಾಗಲಿ ಹೊಸದಲ್ಲ. ಆದರೂ ಅವು ಬರೆದ ಲೋಕಕ್ಕೂ ಬಾಳುವ ಲೋಕಕ್ಕೂ ನಡುವೆ ಸೇತುವಾಗಿವೆ.

ಈ ಕ್ರಮವನ್ನು ಚಲಚ್ಚಿತ್ರವೇ ಕಂಡುಹಿಡಿಯಿತೆನ್ನುವಂತಿಲ್ಲ. ನಾಸಿಕದಿಂದ ಪೂರ್ವಕ್ಕೆ, ಛತ್ರಪತಿ ಸಂಭಾಜಿನಗರದ ಜಿಲ್ಲೆಯಲ್ಲಿರುವ ಎಲ್ಲೋರಕ್ಕೆ ಹೋದವರು ಅದನ್ನು ಕಲ್ಲಿನಲ್ಲಿ ಕಾಣಬಹುದು. ರಾಷ್ಟ್ರಕೂಟರ ಒಂದನೆಯ ಕೃಷ್ಣನ ಹೆಸರಿನೊಡನೆ ಬೆಸೆದಿರುವ, ಪಟ್ಟದಕಲ್ಲಿನ ವಿರೂಪಾಕ್ಷ ದೇವಾಲಯದ ಛಾಯೆಯುಳ್ಳ ಕೈಲಾಸನಾಥ ದೇವಾಲಯದಲ್ಲಿ ರಾವಣನು ಪರ್ವತವನ್ನು ಅಲುಗಿಸುವ ಶಿಲ್ಪವುಂಟು. ಕತ್ತಲಿನಲ್ಲಿ ಹತ್ತಾರು ತೋಳುಗಳ ರಾವಣ. ಮೇಲೆ ಕಾಲ್ಬೆರಳೊತ್ತಿದ ನಿಶ್ಚಲ ಶಿವ. ನಡುವೆ ಶಿವನನ್ನು ಅವಲಂಬಿಸಿದ ಪಾರ್ವತಿ, ಬೆದರಿ ಓಡುವ ಸಖಿ. ಆ ಸಖಿಯಿಲ್ಲದಿದ್ದರೆ ಬೆಟ್ಟ ಅಲುಗಿದುದು ನಮಗೆ ತಿಳಿಯುತ್ತಿರಲಿಲ್ಲ. ಗೋದಾವರಿಯವರೆಗೆ ಕನ್ನಡ ನಾಡನ್ನು ಹರಡಿ ಹೇಳಿದ 'ಕವಿರಾಜಮಾರ್ಗ'ದ ಕಾಲಕ್ಕೆ ಈ ಗುಡಿ ಹಳೆಯದಾಗಿತ್ತು. ರಾವಣನ ಕಥೆ ಅದಕ್ಕಿಂತಲೂ ಹಳೆಯದು. ಶಿಲ್ಪಿ ಹೊಸ ಕಥೆಯನ್ನು ಅರಸಲಿಲ್ಲ; ಓಡುವ ಹೆಣ್ಣನ್ನು ನಿಲ್ಲಿಸಬೇಕಾದ ಸ್ಥಳವನ್ನು ಅರಿತಿದ್ದನು.

ಈ ವಿವೇಕವು ಮಸುಕಾದಲ್ಲಿ ಪವಾಡವು ಬರಿಯ ಪ್ರದರ್ಶನವಾಗುತ್ತದೆ. ಫಾಲ್ಕೆಯವರ ಕೊನೆಯ ಚಿತ್ರ, ಏಕಮಾತ್ರ ವಾಕ್ಚಿತ್ರ, 'ಗಂಗಾವತರಣ' (1937). ಅದರ ಹಿಂದಿನ ವರ್ಷವೇ ಪ್ರಭಾತ್ ಸಂಸ್ಥೆಯ 'ಸಂತ ತುಕಾರಾಮ' ಬಂದಿತ್ತು. ಅದರಲ್ಲಿಯೂ ಪವಾಡಗಳುಂಟು, ಕೊನೆಗೆ ವಿಮಾನಾರೋಹಣವೂ ಉಂಟು. ಆದರೆ ಅಡುಗೆ, ಮಕ್ಕಳು, ಬಡತನಗಳ ನಡುವೆ ಗೊಣಗುವ ಜಿಜಾಯಿ ನೆಲದ ಮೇಲೆಯೇ ಉಳಿಯುತ್ತಾಳೆ. ಆಕಾಶಕ್ಕೇರಿದವನ ಎತ್ತರವನ್ನು ನಾವು ಅಳೆಯುವುದು ಆಕೆ ನಿಂತ ನೆಲದಿಂದ.

ಇಂದು ಗಣಕಯಂತ್ರದಿಂದ ದೇವದಾನವರನ್ನು ನಿರ್ಮಿಸುವ ಚಿತ್ರಗಳನ್ನು ಕಥೆ ಹಳೆಯದೆಂಬ ಒಂದೇ ಕಾರಣದಿಂದ ತಳ್ಳಿಹಾಕುವುದು ಅನ್ಯಾಯ. ತಂತ್ರ ಬೆರಗುಗೊಳಿಸಿತೆಂದು ಹೊಗಳುವುದು ಅವಿವೇಕ. ಬೆಟ್ಟ ಅಲುಗಿದಾಗ ಬೆದರಿ ಓಡುವವರು, ಮಡುವಿಗೆ ಮಗು ಧುಮುಕಿದಾಗ ದಡದಲ್ಲಿ ಅಳುವವರು ಅವುಗಳಲ್ಲಿ ಇದ್ದಾರೆಯೇ ಎಂದು ವಿಮರ್ಶಕನು ಮೊದಲು ಕೇಳಬೇಕು. ಅವರಿದ್ದರೆ ಸಾವಿರ ಸಲ ಕೇಳಿದ ಕಥೆಯೂ ನಮ್ಮನ್ನು ಹಿಡಿದು ನಿಲ್ಲಿಸುತ್ತದೆ.